ಬಯೋಮಾಸ್ ಲೆಕ್ಕಕ್ಕೆ ಮೊದಲು, ಆ ಭೂಮಿಯಲ್ಲಿ ಈಗ ಏನಿದೆ ನೋಡಿ

ಓದುಗರೊಬ್ಬರ ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಹಳ್ಳಿಯವಳು. ಅರಣ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮೂರು ವರ್ಷದಿಂದ ಬೆಂಗಳೂರಿನಲ್ಲಿ ಮ್ಯಾಪಿಂಗ್ ಕೆಲಸ ಮಾಡುತ್ತಿದ್ದೇನೆ. ಸುಸ್ಥಿರ ಭೂಬಳಕೆ ಮತ್ತು ಬಯೋಮಾಸ್ (ಮರ, ಸೊಪ್ಪು, ಹುಲ್ಲಿನಂಥ ಸಸ್ಯರಾಶಿ) ಉತ್ಪಾದನೆ ಬಗ್ಗೆ ಪಿಎಚ್.ಡಿ. ಮಾಡುವ ಆಸೆಯಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪಾಳು ಭೂಮಿಯಲ್ಲಿ ಎಷ್ಟು ಬಯೋಮಾಸ್ ಬೆಳೆಯಬಹುದು ಅಂತ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುವುದು ನನ್ನ ಯೋಚನೆ. ಒಬ್ಬ ಪ್ರಾಧ್ಯಾಪಕರು ‘ವಿಷಯ ತುಂಬಾ ದೊಡ್ಡದಾಯ್ತು’ ಅಂದರು. ಹೇಗೆ ಚಿಕ್ಕದು ಮಾಡಲಿ? ಹೊಲಕ್ಕೆ ಇಳಿಯಲೇಬೇಕಾ, ಕಂಪ್ಯೂಟರಿನಲ್ಲೇ ಮುಗಿಸಬಹುದಾ? ಇಲ್ಲೇ ಮಾಡಲಾ, ಹೊರದೇಶಕ್ಕೆ ಪ್ರಯತ್ನಿಸಲಾ? ಇನ್ನೊಂದು ಮಾತು: ನಮ್ಮದೇ ಮೂರು ಎಕರೆ ನೀಲಗಿರಿ ತೋಪಿದೆ. ಈ ಬೇಸಿಗೆಯಲ್ಲಿ ಕಡಿಸಿ ಬುಡ ಕೀಳಿಸಬೇಕು ಅಂತ ಅಪ್ಪ ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ‘ಪಾಳು ಭೂಮಿ’ ಅನ್ನುವ ಪದದ ಹತ್ತಿರ ನಿಂತೆ. ನನ್ನ ಉತ್ತರವೂ ಅಲ್ಲಿಂದಲೇ ಶುರುವಾಗಲಿ.

ನಾನೂ ಇಂಥದೇ ಒಂದು ನಕ್ಷೆ ಹಿಡಿದುಕೊಂಡು ಹೊಲಕ್ಕೆ ಹೋದವನು. ಹೊಸಕೋಟೆ ದಾಟಿ ಒಳಗಿನ ಒಂದು ಹಳ್ಳಿ. ನಕ್ಷೆಯಲ್ಲಿ ಅಲ್ಲೊಂದು ಹಳದಿ ತುಂಡು, ‘ಕುರುಚಲು ಇರುವ ಪಾಳು ಭೂಮಿ’ ಅಂತ ಗುರುತು. ಹೋಗಿ ನೋಡಿದರೆ ಊರಿನ ಗೋಮಾಳ. ಬೆಳಗ್ಗೆ ಏಳೂವರೆಗೆ ಹತ್ತಿಪ್ಪತ್ತು ಹಸು, ಒಂದು ಮಂದೆ ಕುರಿ ಅಲ್ಲಿದ್ದವು. ಒಬ್ಬ ಅಜ್ಜಿ ಮಚ್ಚು ಹಿಡಿದು ಸೀಮೆಜಾಲಿ ಕೊಂಬೆ ಕಡಿಯುತ್ತಿದ್ದರು. ಮುಳ್ಳು ತಾಗದ ಹಾಗೆ ಕೊಂಬೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಒಂದೇ ಏಟಿಗೆ ತುಂಡು ಮಾಡುತ್ತಿದ್ದರು. ಇಲ್ಲಿ ಸೌದೆ ಮರ ಬೆಳೆಸಿ ಕರೆಂಟ್ ಮಾಡುವ ಯೋಚನೆ ಇದೆ ಅಂತ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಹಂಗಾದ್ರೆ ನಮ್ ಒಲೆಗೇನ್ ಹಾಕೋದಪ್ಪ?’

ನನ್ನ ಲೆಕ್ಕದಲ್ಲಿ ಆ ಒಲೆಗೆ ಜಾಗವೇ ಇರಲಿಲ್ಲ. ಹಸುವಿಗೂ ಇರಲಿಲ್ಲ. ಆ ನೆಲದ ಈಗಿನ ಇಳುವರಿ ಸೊನ್ನೆ ಅಂತ ಇಟ್ಟುಕೊಂಡು ಮುಂದೆ ಹೋಗಿದ್ದೆ. ಆದರೆ ಮೇವು, ಸೌದೆ, ಬೇಲಿಗೆ ಮುಳ್ಳು, ಪೊರಕೆಗೆ ಹುಲ್ಲು, ಗೊಬ್ಬರಕ್ಕೆ ತಂಗಡಿ ಸೊಪ್ಪು, ಎಲ್ಲವೂ ಅಲ್ಲಿಂದಲೇ ಊರಿಗೆ ಹೋಗುತ್ತಿತ್ತು. ಯಾರೂ ತೂಕ ಹಾಕಿರಲಿಲ್ಲ, ಅಷ್ಟೇ.

ಅದಕ್ಕೇ ಹೇಳುತ್ತೇನೆ: ಎಷ್ಟು ಬೆಳೆಯಬಹುದು ಅನ್ನುವುದು ನಿಮ್ಮ ಎರಡನೇ ಪ್ರಶ್ನೆಯಾಗಲಿ. ಈಗ ಏನು ಬೆಳೆಯುತ್ತಿದೆ, ಯಾರ ಮನೆಗೆ ಹೋಗುತ್ತಿದೆ ಅನ್ನುವುದು ಮೊದಲನೆಯದು. ಸುಸ್ಥಿರ ಅನ್ನುವ ಪದಕ್ಕೆ ಅರ್ಥ ಬರುವುದೇ ಈ ಮೊದಲ ಪ್ರಶ್ನೆಯಿಂದ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಹಳ್ಳಿಗೆ 20 ಕಿಲೋವಾಟಿನ ಗ್ಯಾಸಿಫೈಯರ್ (ಸೌದೆಯನ್ನು ಉರಿಯುವ ಅನಿಲ ಮಾಡಿ ಕರೆಂಟ್ ತೆಗೆಯುವ ಯಂತ್ರ) ಇಟ್ಟು, ದಿನಕ್ಕೆ 5 ಗಂಟೆ ಓಡಿಸಿದರೆ 100 ಯೂನಿಟ್ ಕರೆಂಟ್. ಒಂದು ಯೂನಿಟ್ಟಿಗೆ ಸುಮಾರು 1.2 ಕಿಲೋ ಒಣ ಸೌದೆ ಹಿಡಿಯಿರಿ. ದಿನಕ್ಕೆ 120 ಕಿಲೋ, ವರ್ಷಕ್ಕೆ ಸುಮಾರು 44 ಟನ್. ನಮ್ಮ ಬಯಲುಸೀಮೆಯ ಮಳೆಯಾಶ್ರಿತ ನೆಲದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಬರುತ್ತದೆ ಅಂತ ಇಟ್ಟುಕೊಂಡರೆ ಹತ್ತಿರ ಹತ್ತಿರ 9 ಹೆಕ್ಟೇರ್ ಬೇಕು. ಅಂದರೆ 22 ಎಕರೆ. ಕೇಳಿದರೆ ಜಾಸ್ತಿ ಅನ್ನಿಸುವುದಿಲ್ಲ, ಅಲ್ವಾ?

ಈಗ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ನಮ್ಮ ರಾಜ್ಯದ ಭೂಕಂದಾಯ ನಿಯಮಗಳಲ್ಲಿ ಗೋಮಾಳಕ್ಕೆ 100 ಜಾನುವಾರಿಗೆ 12 ಹೆಕ್ಟೇರ್ ಅನ್ನುವ ಅಳತೆಯಿದೆ. ಸುಮಾರು 30 ಎಕರೆ. ಆ 22 ಎಕರೆಯನ್ನು ಗೋಮಾಳದಿಂದ ತೆಗೆದುಕೊಂಡರೆ 70ಕ್ಕೂ ಹೆಚ್ಚು ಜಾನುವಾರುಗಳ ಜಾಗ ಹೋಯಿತು. ಅವು ಎಲ್ಲಿ ಮೇಯಬೇಕು? ಪಕ್ಕದ ಕಾಡಂಚಿಗೆ ಹೋಗುತ್ತವೆ, ಇಲ್ಲವೇ ಮನೆಯವರು ಮಾರಿಬಿಡುತ್ತಾರೆ, ಇಲ್ಲವೇ ಮೇವು ಕೊಳ್ಳುತ್ತಾರೆ. ಆ ಮೇವು ಬೆಳೆಯುವುದಕ್ಕೂ ಎಲ್ಲೋ ಒಂದು ಕಡೆ ನೆಲ ಬೇಕು. ಇದನ್ನೇ ಪರೋಕ್ಷ ಭೂಬಳಕೆ ಬದಲಾವಣೆ ಅನ್ನುವುದು. 2008ರಲ್ಲಿ ಅಮೆರಿಕದಲ್ಲಿ ಮುಸುಕಿನ ಜೋಳದಿಂದ ಮಾಡುವ ಎಥನಾಲ್ ಇಂಧನದ ವಿಷಯದಲ್ಲಿ ಈ ಚರ್ಚೆ ದೊಡ್ಡದಾಗಿ ಎದ್ದಿತು. ಅಲ್ಲಿ ಖಂಡಗಳ ಮಟ್ಟದಲ್ಲಿ ನಡೆಯುವುದು ನಮ್ಮಲ್ಲಿ ಒಂದು ಊರಿನ ಸರ್ವೆ ನಂಬರುಗಳೊಳಗೇ ನಡೆಯುತ್ತದೆ.

ಅದೇ ಲೆಕ್ಕದಲ್ಲಿ 5 ಟನ್ ಬದಲು 10 ಟನ್ ಹಾಕಿ ನೋಡಿ. 11 ಎಕರೆ ಸಾಕು! ಕಥೆಯೇ ಬದಲಾಯಿತು. ಹಾಗಾದರೆ 5 ಸರಿಯೋ 10 ಸರಿಯೋ? ಇದನ್ನು ಕುರ್ಚಿಯಲ್ಲಿ ಕೂತು ಹೇಳುವುದಕ್ಕಾಗುವುದಿಲ್ಲ. ಬೇರೆ ದೇಶದ ಅಂಕಿ ತಂದು ಹಾಕಿದರೆ ಏನಾಗುತ್ತದೆ ಅಂತ ಬೀಜದಿಂದ ಡೀಸೆಲ್ ತೆಗೆಯಲು ಬೆಳೆಸಿದ ಜಟ್ರೋಫಾ ಗಿಡದ ವಿಷಯದಲ್ಲಿ ನೋಡಿದ್ದೇವೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯ ವರದಿ ಕೋಟಿ ಹೆಕ್ಟೇರಿಗೂ ಮೀರಿ ಜಟ್ರೋಫಾ ಬೆಳೆಸುವ ಮಾತಾಡಿತ್ತು. ಪಾಳು ನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಬೆಳೆಯುತ್ತದೆ ಅನ್ನುವುದು ಅದರ ನಂಬಿಕೆ. ಗಿಡ ಬದುಕಿತು, ಹೇಳಿದಷ್ಟು ಕಾಯಿ ಬಿಡಲಿಲ್ಲ. ಹಾಕಿದ ರೈತರು ಎಷ್ಟೋ ಕಡೆ ಕಿತ್ತು ಹಾಕಿದರು.

ಹೊಲಕ್ಕೆ ಇಳಿಯಲೇಬೇಕಾ ಅಂತ ಕೇಳಿದ್ದೀರಿ. ಇಳಿಯಲೇಬೇಕು. ನಿಮ್ಮ ಮ್ಯಾಪಿಂಗ್ ವಿದ್ಯೆ ದೊಡ್ಡ ಆಸ್ತಿ, ಅದನ್ನು ಬಿಡಬೇಡಿ ಅಂತಲೂ ಹೇಳುತ್ತೇನೆ. ಆದರೆ ಉಪಗ್ರಹ ನೋಡುವುದು ಹಸಿರನ್ನು, ತೂಕವನ್ನಲ್ಲ. ನಮ್ಮ ಕಡೆ ಇನ್ನೊಂದು ತೊಡಕಿದೆ. ರಾಗಿ ಕೊಯ್ಲಾದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ, ಹೊಲಗಳೆಲ್ಲ ಕೆಂಪಗೆ ಬರಿದಾಗಿರುವಾಗ ನೀಲಗಿರಿ ತೋಪು ಹಸಿರಾಗಿ ಎದ್ದು ಕಾಣುತ್ತದೆ. ಸುಲಭ ಅನ್ನಿಸುತ್ತದೆ. ಆದರೆ ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಮಾವಿನ ತೋಟವೂ ಆಗ ಅಷ್ಟೇ ಹಸಿರು. ಕೆರೆಯಂಗಳದ ಜಾಲಿಯೂ ಹಸಿರು. 10 ಮೀಟರ್ ಸ್ಪಷ್ಟತೆಯ ಸೆಂಟಿನೆಲ್ ಉಪಗ್ರಹದ ಚಿತ್ರದಲ್ಲೂ ಇವನ್ನು ಬೇರ್ಪಡಿಸುವುದಕ್ಕೆ ನೆಲದಲ್ಲಿ ನಿಂತು ಗುರುತು ಹಾಕಿದ ನೂರಾರು ಬಿಂದುಗಳು ಬೇಕು. ಪಹಣಿಯಲ್ಲಿ ಬೆಳೆ ಕಾಲಂ ಇದೆಯಲ್ಲ ಅಂತ ನಂಬಿ ಕೂರಬೇಡಿ. ಪಹಣಿಯಲ್ಲಿ ರಾಗಿ, ಹೊಲದಲ್ಲಿ ನೀಲಗಿರಿ, ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಇನ್ನು ವಿಷಯ ಚಿಕ್ಕದು ಮಾಡುವುದು. ನಿಮ್ಮ ಪತ್ರದ ಕೊನೆಯಲ್ಲಿ ‘ಇನ್ನೊಂದು ಮಾತು’ ಅಂತ ಬರೆದಿದ್ದೀರಲ್ಲ, ನಿಮ್ಮ ಪಿಎಚ್.ಡಿ. ಅಲ್ಲೇ ಕೂತಿದೆ.

ಈ ಭಾಗದ ಭೂಬಳಕೆಯ ಕಥೆಯೇ ನೀಲಗಿರಿಯ ಕಥೆ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂದ ಮರ ಇದು ಅಂತ ಅರಣ್ಯ ಇತಿಹಾಸ ಹೇಳುತ್ತದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗಳ ಕಾಲಕ್ಕೆ ಅದು ರೈತರ ಹೊಲಕ್ಕೆ ಇಳಿಯಿತು. ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ನೀಲಗಿರಿ ನೆಟ್ಟರು. ದುಡ್ಡಿನಾಸೆಗೆ ಹಾಗೆ ಮಾಡಿದರು ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಮಾತಾಡಿಸಿದ ರೈತರು ಬೇರೆಯದೇ ಹೇಳಿದರು. ಮಕ್ಕಳು ಬೆಂಗಳೂರು ಸೇರಿದರು, ಆಳು ಸಿಗುವುದಿಲ್ಲ, ನೋಡಿಕೊಳ್ಳುವವರಿಲ್ಲ. ನೀಲಗಿರಿಗೆ ಕಾವಲು ಬೇಡ, ದನ ಮೇಯುವುದಿಲ್ಲ. ಆರೇಳು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ಮತ್ತೆ ಕೂಳೆ ಚಿಗುರುತ್ತದೆ. ದೇವನಹಳ್ಳಿ ಸುತ್ತ, 2008ರಲ್ಲಿ ವಿಮಾನ ನಿಲ್ದಾಣ ಶುರುವಾಗುವ ಹೊತ್ತಿಗೆ, ಎಷ್ಟೋ ತೋಪುಗಳು ನಿಜದಲ್ಲಿ ಮರದ ಬೆಳೆಯಾಗಿರಲಿಲ್ಲ. ಸೈಟಿನ ಬೆಲೆ ಏರುವವರೆಗೆ ನೆಲ ಹಿಡಿದಿಟ್ಟುಕೊಳ್ಳುವ ಉಪಾಯವಾಗಿದ್ದವು. ಮರದ ಬೆಲೆಯಿಂದ ಮಾತ್ರ ಭೂಬಳಕೆಯನ್ನು ವಿವರಿಸಲು ಹೊರಟ ಮಾಡೆಲ್‌ಗಳು ಬೆಂಗಳೂರಿನ ಸುತ್ತ ಸೋಲುವುದು ಇಲ್ಲೇ.

ನೀರಿನ ವಿಷಯಕ್ಕೆ ಬಂದರೆ ಹೊಸಕೋಟೆಯಲ್ಲೇ ನಡೆದ ಒಂದು ಒಳ್ಳೆಯ ಅಳತೆಯಿದೆ, 1997ರಲ್ಲಿ ಪ್ರಕಟವಾದದ್ದು. ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಬಿದ್ದ ಮಳೆ 2100 ಮಿಲಿಮೀಟರ್. ಅಲ್ಲಿನ ಎಳೆಯ ನೀಲಗಿರಿ ಬಳಸಿದ ನೀರು 3400 ಮಿಲಿಮೀಟರ್. ಉಳಿದದ್ದನ್ನು ಬೇರುಗಳು ಆಳದ ಮಣ್ಣಿನಿಂದ ಎಳೆದುಕೊಂಡವು. ಅಂದರೆ ಆ ಬಯೋಮಾಸ್ ಆ ವರ್ಷಗಳ ಮಳೆಯಲ್ಲಿ ಬೆಳೆದದ್ದಲ್ಲ. ಹಿಂದಿನ ವರ್ಷಗಳು ಮಣ್ಣಿನಲ್ಲಿ ಕೂಡಿಟ್ಟ ನೀರನ್ನು ತೆಗೆದು ಬೆಳೆದದ್ದು. ಇದನ್ನು ಓದಿದ ದಿನ ನನಗೆ ಇಳುವರಿ ಅನ್ನುವ ಪದದ ಮೇಲಿನ ನಂಬಿಕೆಯೇ ಅಲ್ಲಾಡಿತು. ಟನ್ ಲೆಕ್ಕ ಹೇಳುವಾಗ ಅದರ ಹಿಂದೆ ಎಷ್ಟು ನೀರಿನ ಸಾಲವಿದೆ ಅಂತಲೂ ಹೇಳಬೇಕಲ್ವಾ?

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಲ್ಲಿಂದ ಈಚೆಗೆ ಜೆಸಿಬಿ ತಂದು ಬುಡ ಕೀಳಿಸುವುದು ಜೋರಾಗಿದೆ. ನಿಮ್ಮ ತಂದೆ ಮಾಡಲು ಹೊರಟಿರುವುದೂ ಅದೇ. ಹಾಗಾದರೆ ಕಿತ್ತ ಮೇಲೆ ಆ ನೆಲ ಏನಾಗುತ್ತದೆ? ಒಬ್ಬರು ರಾಗಿಗೆ ವಾಪಸ್ ಬಂದರು, ಒಬ್ಬರು ಹಿಪ್ಪುನೇರಳೆ ಹಾಕಿದರು, ಒಬ್ಬರು ಮಾವು, ಇನ್ನೊಬ್ಬರು ಹೆಬ್ಬೇವು. ಯಾವುದರಲ್ಲಿ ಮಣ್ಣಿನ ಇಂಗಾಲ ಚೇತರಿಸಿಕೊಳ್ಳುತ್ತದೆ? ಆಳದ ತೇವ ಎಷ್ಟು ವರ್ಷಕ್ಕೆ ಮರಳುತ್ತದೆ? ಒಟ್ಟು ಬಯೋಮಾಸ್ ಕಡಿಮೆಯಾದರೂ ಮನೆಗೆ ಮೇವು, ಸೌದೆ, ಕಾಳು ಸೇರಿ ಏನು ಸಿಗುತ್ತದೆ? ‘ನೀಲಗಿರಿ ಕಿತ್ತ ನೆಲದ ಮುಂದಿನ ಹತ್ತು ವರ್ಷ’: ಇದನ್ನು ಎರಡು ತಾಲ್ಲೂಕಿಗೆ ಸೀಮಿತ ಮಾಡಿ. ಇದೊಂದು ಪಿಎಚ್.ಡಿ.ಗೆ ಧಾರಾಳವಾಗಿ ಸಾಕು.

ಮೂರು ನಾಲ್ಕು ವರ್ಷದಲ್ಲಿ ಹತ್ತು ವರ್ಷದ ಬದಲಾವಣೆ ನೋಡುವುದು ಹೇಗೆ ಅಂತ ನಿಮ್ಮ ಗೈಡ್ ಕೇಳೇ ಕೇಳುತ್ತಾರೆ. ಬೇರೆ ಬೇರೆ ವರ್ಷ ಕಿತ್ತ ಹೊಲಗಳನ್ನು ಒಂದೇ ಕಾಲಕ್ಕೆ ಅಳೆಯಿರಿ. ಕಿತ್ತು ಒಂದು ವರ್ಷವಾದದ್ದು, ಮೂರಾದದ್ದು, ಆರಾದದ್ದು, ಜೊತೆಗೆ ಇನ್ನೂ ನಿಂತಿರುವ ತೋಪು, ಎಂದೂ ನೀಲಗಿರಿ ಕಾಣದ ಹೊಲ. ಯಾವ ಹೊಲ ಯಾವ ವರ್ಷ ಬರಿದಾಯಿತು ಅಂತ ರೈತರ ನೆನಪಿನಿಂದ ಮಾತ್ರ ತೆಗೆದರೆ ತಪ್ಪಾಗುತ್ತದೆ. ಹಳೆಯ ಉಪಗ್ರಹ ಚಿತ್ರಗಳಲ್ಲಿ ಅದು ಸ್ಪಷ್ಟವಾಗಿ ಸಿಗುತ್ತದೆ. ನಿಮ್ಮ ಮೂರು ವರ್ಷದ ಕೆಲಸ ಉಪಯೋಗಕ್ಕೆ ಬರುವುದು ಇಲ್ಲಿ. ಒಂದು ಎಚ್ಚರ ಬೇಕು. ಹೊಲಗಳ ಮಣ್ಣು ಮೊದಲಿನಿಂದಲೇ ಬೇರೆ ಇದ್ದರೆ ಈ ವಿಧಾನ ಮೋಸ ಮಾಡುತ್ತದೆ. ದಿಣ್ಣೆಯ ಮೇಲಿನ ಗರಸು ನೆಲವನ್ನೂ ಕೆರೆ ಕೆಳಗಿನ ಜೇಡಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ.

ಈಗ ತೂಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಎಡವಿದ್ದೇನೆ.

ಕಡಿಯುವ ಮೊದಲು ಮರಕ್ಕೆ ನಂಬರ್ ಬರೆದು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ 1.37 ಮೀಟರಿನಲ್ಲಿ, ಟೇಪು ಸುತ್ತಿ ಸುತ್ತಳತೆ ಬರೆಯಬೇಕು. ಕೂಳೆ ಮರದಲ್ಲಿ ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎದ್ದಿರುತ್ತವೆ. ಪ್ರತಿಯೊಂದನ್ನೂ ಬೇರೆ ಬೇರೆ ಬರೆಯಿರಿ. ಸಣ್ಣದು, ಮಧ್ಯಮ, ದಪ್ಪ, ಎಲ್ಲ ಗಾತ್ರದ ಮರಗಳೂ ಸೇರಬೇಕು. ಕಣ್ಣಿಗೆ ಚೆನ್ನಾಗಿ ಕಂಡವನ್ನೇ ಆರಿಸಿದರೆ ಇಳುವರಿ ಕಾಗದದ ಮೇಲೆ ಏರಿಬಿಡುತ್ತದೆ. ಮರ ನೆಲಕ್ಕೆ ಬಿದ್ದ ಕೂಡಲೇ ಎಲೆ, ಕಡ್ಡಿ, ಕೊಂಬೆ, ಕಾಂಡ, ತೊಗಟೆ ಬೇರೆ ಮಾಡಿ, ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, ಮೂರು ಕಾಲಿನ ಬೊಂಬಿಗೆ ತಕ್ಕಡಿ ನೇತುಹಾಕಿ ಅಲ್ಲೇ ತೂಗಬೇಕು. ಪ್ರತಿ ಗುಡ್ಡೆಯಿಂದ ಒಂದು ಸ್ಯಾಂಪಲ್ ತೆಗೆದು, ತಕ್ಷಣ ತೂಗಿ, ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಬೇಕು. ಕಾಂಡದಿಂದ ಬಿಲ್ಲೆ ಕೊಯ್ದುಕೊಳ್ಳಬೇಕು. ಲ್ಯಾಬಿನ ಓವನ್‌ನಲ್ಲಿ ಕಾಂಡದ ಬಿಲ್ಲೆಗಳನ್ನು 105 ಡಿಗ್ರಿಯಲ್ಲಿ, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಬೇಕು.

ಒಂದು ಉದಾಹರಣೆ ಹಿಡಿಯಿರಿ. ಕಾಂಡದ ಹಸಿ ತೂಕ 86 ಕಿಲೋ. 500 ಗ್ರಾಂ ಬಿಲ್ಲೆ ಒಣಗಿ 270 ಗ್ರಾಂ ಆಯಿತು. ಅಂದರೆ 100ಕ್ಕೆ 54 ಭಾಗ ಮಾತ್ರ ಒಣ ಪದಾರ್ಥ. ಕಾಂಡದ ಒಣ ತೂಕ 46 ಕಿಲೋ ಚಿಲ್ಲರೆ. ಅದರಲ್ಲಿ ಇಂಗಾಲ 0.47 ಭಾಗ ಅಂತ ಹಿಡಿದರೆ ಸುಮಾರು 22 ಕಿಲೋ. 86 ಎಲ್ಲಿ, 22 ಎಲ್ಲಿ! ಸೌದೆ ಮಂಡಿಯಲ್ಲಿ ಹಸಿ ಟನ್ ಮಾತಾಡುತ್ತಾರೆ, ಪ್ರಬಂಧಗಳಲ್ಲಿ ಒಣ ಟನ್, ಕಾರ್ಬನ್ ಕ್ರೆಡಿಟ್ ವ್ಯಾಪಾರದವರು ಇಂಗಾಲದ ಡೈಆಕ್ಸೈಡಿನ ಟನ್. ಯಾವ ಟನ್ ಅಂತ ಬರೆಯದ ವರದಿ ಕೈಗೆ ಬಂದರೆ ಅದನ್ನು ಬದಿಗಿಡಿ.

ನಾನು ಎಡವಿದ್ದು ಚೀಲದಲ್ಲಿ. ಮೊದಲ ವರ್ಷ ಏಪ್ರಿಲ್ ಬಿಸಿಲಿನಲ್ಲಿ ಸ್ಯಾಂಪಲ್ಲುಗಳನ್ನು ಅಲ್ಲೇ ತೂಗದೆ, ಗೋಣಿಚೀಲಕ್ಕೆ ತುಂಬಿ ಜೀಪಿನ ಹಿಂದೆ ಹಾಕಿದೆ. ಸಂಜೆ ಬೆಂಗಳೂರಿಗೆ ಬಂದು ತೂಗಿದೆ. ದಾರಿಯಲ್ಲೇ ಎಲೆಗಳ ನೀರು ಆರಿಹೋಗಿತ್ತು. ಆರಿದ ತೂಕವನ್ನೇ ಹಸಿ ತೂಕ ಅಂತ ಬರೆದೆ. ಒಣ ಭಾಗ ಇರಬೇಕಾದ್ದಕ್ಕಿಂತ ಜಾಸ್ತಿ ಬಂತು, ಇಡೀ ತೋಪಿನ ಇಳುವರಿ ಉಬ್ಬಿತು. ಎರಡನೇ ವರ್ಷದ ಅಂಕಿ ಅದಕ್ಕೆ ಹೊಂದದೆ ಹೋದಾಗಲೇ ಗೊತ್ತಾದದ್ದು. ಒಂದು ವರ್ಷದ ಕೆಲಸ ಪೂರ್ತಿ ಬಿಟ್ಟುಬಿಡಬೇಕಾಯಿತು. ಹಾಗಾಗಿ ತಕ್ಕಡಿಯನ್ನು ಹೊಲಕ್ಕೇ ಒಯ್ಯಿರಿ. ಎಷ್ಟೇ ಭಾರವಾದರೂ ಒಯ್ಯಿರಿ.

ಎಲೆ, ತೊಗಟೆ ಬೇರೆ ತೂಗಿ ಅಂದದ್ದಕ್ಕೂ ಕಾರಣವಿದೆ. ಮರದ ಪೋಷಕಾಂಶಗಳ ದೊಡ್ಡ ಪಾಲು ಎಲೆಯಲ್ಲಿರುತ್ತದೆ, ನೀಲಗಿರಿಯ ಸುಣ್ಣಾಂಶ ತೊಗಟೆಯಲ್ಲಿ ಜಾಸ್ತಿ. ತೊಗಟೆ ಸುಲಿದು ಹೊಲದಲ್ಲೇ ಬಿಟ್ಟರೆ ಒಂದು ಲೆಕ್ಕ, ಲಾರಿಗೆ ಹೋದರೆ ಇನ್ನೊಂದು. ತರಗೆಲೆಯನ್ನೂ ಗುಡಿಸಿಕೊಂಡು ಹೋಗಿ ಒಲೆಗೆ ಹಾಕುವ ಊರುಗಳಿವೆ. ಅಲ್ಲಿ ನೆಲಕ್ಕೆ ವಾಪಸ್ ಹೋಗುವುದು ಏನೂ ಉಳಿಯುವುದಿಲ್ಲ. ಮಣ್ಣಿನ ಸ್ಯಾಂಪಲ್ 30 ಸೆಂಟಿಮೀಟರಿಗೆ ನಿಲ್ಲಿಸುವುದು ವಾಡಿಕೆ. ಇಂಗಾಲಕ್ಕೆ ಅದು ನಡೆಯುತ್ತದೆ. ತೇವಕ್ಕೆ ಸಾಲದು, ಕೆಲವು ಕಡೆಯಾದರೂ ಆಳಕ್ಕೆ ಇಳಿಯಿರಿ. ಬುಡ ಕಿತ್ತ ಹಳ್ಳಗಳಲ್ಲಿ ಮೇಲಿನ ಮಣ್ಣು ಕೆಳಗೆ ಹೋಗಿ ಕಲಸಿರುತ್ತದೆ, ಅಂಥ ಜಾಗ ಬಿಟ್ಟು ತೆಗೆಯಿರಿ.

ನೀಲಗಿರಿ ಬೇಡ ಅನ್ನಿಸಿದರೆ ನಿಮ್ಮ ಪಕ್ಕದಲ್ಲೇ ಶಿಡ್ಲಘಟ್ಟವಿದೆ. ರೇಷ್ಮೆ ಹುಳು ಸೊಪ್ಪು ತಿಂದ ಮೇಲೆ ಹಿಪ್ಪುನೇರಳೆ ಕಡ್ಡಿ ರಾಶಿ ಉಳಿಯುತ್ತದೆ. ಗೂಡು ಬೇಯಿಸುವ ನೂಲು ಬಿಚ್ಚಣಿಕೆ ಘಟಕಗಳಿಗೆ ದಿನವೂ ಸೌದೆ ಬೇಕು. ಆ ಕಡ್ಡಿ ಈಗ ಎಲ್ಲಿಗೆ ಹೋಗುತ್ತದೆ, ಒಲೆಗೋ ತಿಪ್ಪೆಗೋ ಬೇಲಿಗೋ? ತಿಪ್ಪೆಯಿಂದ ತೆಗೆದು ಒಲೆಗೆ ಹಾಕಿದರೆ ತೋಟದ ಮಣ್ಣು ಏನು ಕಳೆದುಕೊಳ್ಳುತ್ತದೆ? ಮರ ಬೆಳೆಯಲಿ ಅಂತ ಕಾಯಬೇಕಾಗಿಲ್ಲ, ವರ್ಷಕ್ಕೆ ಹಲವು ಬೆಳೆ ಸಿಗುತ್ತವೆ. ಇದೂ ಒಳ್ಳೆಯ ವಿಷಯವೇ.

ಎಲ್ಲಿ ಮಾಡುವುದು? ಬೆಂಗಳೂರಿನಷ್ಟು ಅನುಕೂಲ ಬೇರೆ ಕಡೆ ಕಡಿಮೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಅರಣ್ಯ ಮತ್ತು ಪರಿಸರ ವಿಜ್ಞಾನ ವಿಭಾಗವಿದೆ, ರಾಗಿ ಮೇಲಿನ ದೀರ್ಘಕಾಲದ ಪ್ರಯೋಗಗಳಿವೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಜಕ್ಕೂರಿನಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ, ಆರ್ಥಿಕ ಬದಿ ಇಷ್ಟವಾದರೆ ನಾಗರಬಾವಿಯಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯುವ ಐಐಎಸ್ಸಿಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಕಟ್ಟಿದ, ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಕೇಂದ್ರದ ಪರಂಪರೆಯಿದೆ. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಸಣ್ಣ ಹಳ್ಳಿಯಲ್ಲಿ ಅವರ ತಂಡ ಮನೆಮನೆಯ ಸೌದೆ, ಅದನ್ನು ತರುವುದಕ್ಕೆ ಹೆಂಗಸರೂ ಮಕ್ಕಳೂ ಕಳೆಯುವ ಹೊತ್ತು, ಎಲ್ಲವನ್ನೂ ಅಳೆದಿತ್ತು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆ ಗ್ಯಾಸಿಫೈಯರಿನಿಂದ ದೀಪ ಹತ್ತಿಸಿದ್ದೂ ಆ ದಾರಿಯಲ್ಲೇ. ಆ ಹಳೆಯ ವರದಿಗಳನ್ನು ಹುಡುಕಿ ಓದಿ. ಅಳೆಯುವ ಮುಂಚೆ ಕೇಳುವುದು ಹೇಗೆ ಅಂತ ನಾನು ಕಲಿತದ್ದು ಅವುಗಳಿಂದ.

ಹೊರದೇಶದ ಬಗ್ಗೆ ಚಿಕ್ಕದಾಗಿ. ಜರ್ಮನಿ, ನೆದರ್ಲೆಂಡ್ಸ್ ಕಡೆ ಪಿಎಚ್.ಡಿ. ಅನ್ನುವುದು ಬಹಳ ಕಡೆ ಸಂಬಳದ ಕೆಲಸ, ಮಾಡೆಲಿಂಗ್ ತರಬೇತಿಯೂ ಗಟ್ಟಿ. ಹೋಗುವುದಾದರೆ ಹೊಲ ಮಾತ್ರ ಇಲ್ಲಿಯದೇ ಇರುವಂತೆ ಮಾತಾಡಿಕೊಳ್ಳಿ. ಗಿಡದ ಸ್ಯಾಂಪಲ್ ಹೊರಗೆ ಒಯ್ಯುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡುಗಳಿವೆ, ಅನುಮತಿ ವಿಷಯ ಮೊದಲೇ ಕೇಳಿಕೊಳ್ಳಿ. ಇಲ್ಲೇ ಮಾಡಿದರೆ ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದ ಮಿತಿ. ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕೆಲಸ ಬಿಡುವ ಮೊದಲು ಅದಕ್ಕಿರುವ ಪರೀಕ್ಷೆ ಬರೆದುಬಿಡಿ. ಗೈಡ್ ಆರಿಸುವಾಗ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನಾದರೂ ಮಾತಾಡಿಸಿ, ‘ಸರ್ ಅಥವಾ ಮೇಡಂ ಹೊಲಕ್ಕೆ ಬರುತ್ತಿದ್ದರಾ?’ ಅಂತ ಕೇಳಿ.

ಇದೆಲ್ಲ ಆಗುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಒಂದು ಕೆಲಸ ಮಾತ್ರ ಕಾಯುವುದಿಲ್ಲ. ಈ ವಾರವೇ ಅಪ್ಪನಿಗೆ ಫೋನ್ ಮಾಡಿ, ಕಡಿಸುವ ದಿನ ಯಾವುದು ಅಂತ ಕೇಳಿ. ಅದಕ್ಕೆ ಎರಡು ದಿನ ಮೊದಲೇ ಊರಿಗೆ ಹೋಗಿ ಒಂದು ಮೂವತ್ತು ಮರಕ್ಕೆ ಬಣ್ಣದಲ್ಲಿ ನಂಬರ್ ಬರೆದು ಸುತ್ತಳತೆ ತೆಗೆದುಕೊಳ್ಳಿ. ಸಾಲಿನ ನಡುವೆ ಮೂರ್ನಾಲ್ಕು ಕಡೆ ಮಣ್ಣು ತೆಗೆದಿಡಿ. ಮೊದಲ ಸಲ ನೆಟ್ಟದ್ದು ಯಾವ ವರ್ಷ, ಎಷ್ಟು ಸಲ ಕಡಿದಿದ್ದಾರೆ, ಅದಕ್ಕೂ ಮುಂಚೆ ಆ ಹೊಲದಲ್ಲಿ ಏನಿತ್ತು ಅಂತ ಅಪ್ಪನನ್ನೂ ಅಮ್ಮನನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಕಡಿಯುವವರ ಮೇಸ್ತ್ರಿಗೆ ಮೊದಲೇ ಹೇಳಿ, ನಂಬರ್ ಹಾಕಿದ ಮರಗಳನ್ನು ಕೊನೆಗೆ ಉಳಿಸಿಕೊಡಲಿ. ಜೆಸಿಬಿ ಬಂದು ಹೋದ ಮೇಲೆ ಆ ಮೂರು ಎಕರೆಯ ಹಿಂದಿನ ಅಳತೆ ಯಾರ ಹತ್ತಿರವೂ ಸಿಗುವುದಿಲ್ಲ.